ಜಾಫ್ನಾಕ್ಕೆ ರೈಲು ಬಂತು ಸರಿ, ಮನೆಗಳಲ್ಲಿ ಏನು ಬದಲಾಯಿತು?

ಹಳಿಮನುಷ್ಯ (ಅರಸೀಕೆರೆ)

ತುಂಬಾ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ. 2012ರಿಂದ 2014ರವರೆಗೆ ನಾನು ಶ್ರೀಲಂಕಾದ ಉತ್ತರದಲ್ಲಿದ್ದೆ. ಓಮಂದೈಯಿಂದ ಕಿಳಿನೊಚ್ಚಿ, ಪಳೈ, ಜಾಫ್ನಾವರೆಗೆ ರೈಲು ಹಳಿ ಮತ್ತೆ ಹಾಕುವ ಕೆಲಸ. ಅದು ನಮ್ಮ ಭಾರತ ಸರಕಾರದ ರೈಲು ನಿರ್ಮಾಣ ಕಂಪನಿ ಇರ್ಕಾನ್ ಮಾಡಿದ ಕೆಲಸ. ನಾನು ಅದರ ಕೆಳಗೆ ಒಬ್ಬ ಸಣ್ಣ ಗುತ್ತಿಗೆದಾರರ ಸರ್ವೇಯರ್. 2024ರ ಫೆಬ್ರವರಿಯಲ್ಲಿ ಹೆಂಡತಿಯನ್ನು ಕರೆದುಕೊಂಡು ಮತ್ತೆ ಹೋಗಿಬಂದೆ. ಅದಕ್ಕೇ ಈ ಬರಹ.

ಹಳೇ ಹಳಿ ರಿಪೇರಿ ಮಾಡುವುದು ಅಂದುಕೊಂಡು ಹೋಗಿದ್ದೆ. ಅಲ್ಲಿ ಹಳಿಯೇ ಇರಲಿಲ್ಲ! ಲಂಕಾ ಸೈನ್ಯಕ್ಕೂ ಎಲ್‌ಟಿಟಿಇಗೂ ನಡೆದ ಯುದ್ಧದಲ್ಲಿ, 1990ರಲ್ಲಿ ನಿಂತ ರೈಲು ಅದು. ಹಳಿ, ಸ್ಲೀಪರ್ ಎಲ್ಲ ಕಿತ್ತು ಎರಡೂ ಕಡೆಯವರು ಬಂಕರ್ ಕಟ್ಟಿಕೊಂಡಿದ್ದರು. ಏರಿ ಮಾತ್ರ ಉಳಿದಿತ್ತು, ಅದರ ಮೇಲೆ ಮುಳ್ಳುಕಂಟಿ. ನಾವು ಟೋಟಲ್ ಸ್ಟೇಷನ್ (ಸರ್ವೇ ಅಳತೆಯ ಯಂತ್ರ) ಹೊತ್ತು ಹೋಗುವ ಮೊದಲು ನೆಲಬಾಂಬ್ ತೆಗೆಯುವವರು ಹೋಗಿ ಬರಬೇಕು. ಕೆಂಪು ಗೂಟದ ಆಚೆ ಕಾಲಿಡುವಂತಿಲ್ಲ. ಒಂದಕ್ಕೆ ಹೋಗಬೇಕಾದರೂ ರಸ್ತೆ ಮೇಲೇ ನಿಲ್ಲಬೇಕು, ಮಾನ ಮರ್ಯಾದೆ ಎಲ್ಲ ಆಮೇಲೆ.

ನೆಲಬಾಂಬ್ ತೆಗೆಯುವವರಲ್ಲಿ ಎಷ್ಟೊಂದು ಜನ ಹೆಂಗಸರು! ದಪ್ಪ ಜಾಕೆಟ್, ಮುಖಕ್ಕೆ ಪ್ಲಾಸ್ಟಿಕ್ ಪರದೆ, ಕೈಯಲ್ಲಿ ಕುಂಟೆಯಂಥ ಸಲಕರಣೆ. ಮೊಣಕಾಲೂರಿ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಕೆರೆಯುತ್ತಿದ್ದರು, ನಮ್ಮ ಹೆಂಗಸರು ಕಡಲೆಕಾಯಿ ಗಿಡದ ಬುಡ ಸಡಿಲಿಸುವ ಹಾಗೆ. ಗಂಡ ಸತ್ತವರು, ಗಂಡ ಕಾಣೆಯಾದವರು. ಬೇರೆ ಕೆಲಸಕ್ಕಿಂತ ಸಂಬಳ ಜಾಸ್ತಿ ಅಂತ ಬಂದವರು.

ನಾನು ಕಿಳಿನೊಚ್ಚಿಯಲ್ಲಿ ಒಬ್ಬ ಅಕ್ಕನ ಮನೆಯಲ್ಲಿ ಊಟಕ್ಕೆ ಹಚ್ಚಿಕೊಂಡಿದ್ದೆ. ಹೆಸರು ಬರೆಯುವುದಿಲ್ಲ. 2009ರಲ್ಲಿ ಮೆಣಿಕ್ ಫಾರ್ಮ್ ಶಿಬಿರದಲ್ಲಿದ್ದರು. ಆ ಯುದ್ಧದ ಕೊನೆಯಲ್ಲಿ ಸುಮಾರು 3 ಲಕ್ಷ ಜನ ಶಿಬಿರ ಸೇರಿದ್ದು ನಿಮಗೆ ನೆನಪಿರಬಹುದು. ಗಂಡ ಕೊನೆಯ ಕಾಳಗ ನಡೆದ ಮುಳ್ಳಿವಾಯ್ಕಾಲ್ ಕಡೆಯಿಂದ ಬರಲೇ ಇಲ್ಲ. ಇಬ್ಬರು ಮಕ್ಕಳು. ಭಾರತ ಸರಕಾರದ ಮನೆ ಯೋಜನೆಯಲ್ಲಿ ಅವರ ಹೆಸರು ಬಂದಿತ್ತು. ಉತ್ತರ, ಪೂರ್ವ ಸೇರಿ 46,000 ಮನೆ, ಒಂದೊಂದಕ್ಕೆ ಐದೂವರೆ ಲಕ್ಷ ಲಂಕಾ ರೂಪಾಯಿ. ದುಡ್ಡು ಹಂತ ಹಂತವಾಗಿ ಅವರ ಖಾತೆಗೇ ಬರುತ್ತಿತ್ತು, ಮನೆ ಅವರೇ ಕಟ್ಟಿಸಿಕೊಳ್ಳಬೇಕು. ಮೇಸ್ತ್ರಿಗೆ ಕೂಲಿ ಕೊಡಲಾಗದೆ ಅಕ್ಕನೇ ಸಿಮೆಂಟ್ ಕಲೆಸುತ್ತಿದ್ದರು. ನಾನು ಭಾನುವಾರ ಹೋಗಿ ಗೋಡೆಗೆ ತೂಕದ ಗುಂಡು ಹಿಡಿದು ಕೊಡುತ್ತಿದ್ದೆ.

ಹನ್ನೊಂದು ವರ್ಷದ ನಂತರ ಅದೇ ಮನೆಗೆ ಹೋದರೆ ಅಂಗಳದಲ್ಲಿ ಸ್ಕೂಟರ್. ಮಗಳು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಬೆಳಿಗ್ಗೆ ಆರಕ್ಕೆ ಕಂಪನಿ ಬಸ್ಸು ಊರೂರಿಗೆ ಬರುತ್ತದೆ, ಥೇಟ್ ನಮ್ಮ ಮದ್ದೂರು, ಮಂಡ್ಯದ ಹಾಗೆ. ಮಗ ಹೊರದೇಶಕ್ಕೆ ಹೋಗುವ ದಾರಿ ಹುಡುಕುತ್ತಿದ್ದಾನೆ. ಹಿಂದಿನ ಗೋಡೆಗೆ ಗಂಡನ ಸೈಕಲ್ ಒರಗಿಸಿದ್ದು ಹಾಗೇ ಇದೆ.

ರಾಜಕೀಯ ಜಗಳ ಇಲ್ಲಿ ಬೇಡ. ಯುದ್ಧ ಮುಗಿದ ಊರಲ್ಲಿ ದಿನದ ಬದುಕು ಹೇಗೆ ಬದಲಾಗುತ್ತದೆ ಅನ್ನುವುದು ಗೊತ್ತಿದ್ದವರು ಬರೆಯಿರಿ.

ಬೇಲೂರು_ಬೆಣ್ಣೆ

ಚೆನ್ನಾಗಿದೆ ಸರ್. ಆದರೆ ಒಂದು ಮಾತು. ರಸ್ತೆ ಆಯ್ತು, ರೈಲು ಆಯ್ತು, ಮನೆ ಆಯ್ತು, ಸ್ಕೂಟರೂ ಬಂತು. ಜಾಫ್ನಾಕ್ಕೆ ಹೋಗುವ ಎ9 ರಸ್ತೆಯಲ್ಲಿ ನಾನೂ ಟೂರ್ ಹೋಗಿದ್ದೇನೆ, ನಮ್ಮ ಹಾಸನ ರಸ್ತೆಗಿಂತ ಚೆನ್ನಾಗಿದೆ. ಇನ್ನೇನು ಬೇಕು? ಹತ್ತು ಹದಿನೈದು ವರ್ಷಕ್ಕೆ ಇಷ್ಟು ಆಗಿದ್ದೇ ದೊಡ್ಡದಲ್ವಾ?

ಹಳಿಮನುಷ್ಯ

ದೊಡ್ಡದೇ. ಅಲ್ಲ ಅಂದವರು ಯಾರು? 2013ರ ಸೆಪ್ಟೆಂಬರ್‌ನಲ್ಲಿ ಕಿಳಿನೊಚ್ಚಿಗೆ ಮೊದಲ ರೈಲು ಬಂದಾಗ ಮುದುಕರು ಪ್ಲಾಟ್‌ಫಾರ್ಮ್‌ನಲ್ಲಿ ನಿಂತು ಅತ್ತಿದ್ದನ್ನು ನೋಡಿದ್ದೇನೆ. 2014ರ ಅಕ್ಟೋಬರ್ 13ಕ್ಕೆ ಯಾಳ್ ದೇವಿ ರೈಲು ಜಾಫ್ನಾ ಮುಟ್ಟಿತು. 24 ವರ್ಷ ರೈಲೇ ನೋಡದ ಮಕ್ಕಳು ಬೆಳೆದು ದೊಡ್ಡವರಾಗಿದ್ದರು.

ಆದರೆ ಆ ಸ್ಕೂಟರ್ 'ಲೀಸಿಂಗ್'ದು, ಅಂದರೆ ಕಂತಿನ ಸಾಲದ್ದು. ಅಲ್ಲಿ ಎಲ್ಲರ ಬಾಯಲ್ಲೂ ಈ ಪದ. ಎ9 ತೆರೆದದ್ದೇ ತಡ, ಮೊದಲು ಬಂದದ್ದು ಬ್ಯಾಂಕು, ಲೀಸಿಂಗ್ ಕಂಪನಿ, ವಾರದ ಕಂತಿನ ಸಂಘದ ಸಾಲ. ಕೋಳಿ ಸಾಕಣೆಗೆ ಒಂದು ಸಾಲ, ಅದನ್ನು ತೀರಿಸಲು ಇನ್ನೊಂದು. ಕಂತು ವಸೂಲಿಗೆ ಬರುವ ಹುಡುಗ ಮನೆ ಮುಂದೆ ಬೈಕ್ ನಿಲ್ಲಿಸಿ ಕೂತುಬಿಡುತ್ತಿದ್ದನಂತೆ. ಗಂಡಸಿಲ್ಲದ ಮನೆ. ಊರವರು ಏನಂತಾರೆ ಅನ್ನುವ ಭಯಕ್ಕೇ ದುಡ್ಡು ಹೊಂದಿಸಬೇಕು. 2018ರಲ್ಲಿ ಅಲ್ಲಿನ ಸರಕಾರ ಬರಪೀಡಿತ ಜಿಲ್ಲೆಗಳ ಹೆಂಗಸರ ಒಂದು ಲಕ್ಷದೊಳಗಿನ ಇಂಥ ಸಾಲಕ್ಕೆ ಪರಿಹಾರ ಘೋಷಿಸಬೇಕಾಯಿತು. ನಮ್ಮಲ್ಲೂ 2025ರ ಫೆಬ್ರವರಿಯಲ್ಲಿ ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ಸುಗ್ರೀವಾಜ್ಞೆ ಬಂತಲ್ಲ, ಅದನ್ನು ಓದುವಾಗ ನನಗೆ ಆ ಅಂಗಳವೇ ಕಣ್ಣಿಗೆ ಬಂತು.

ಸಾಲ ತೀರಿಸಲು ಅಕ್ಕನ ಹತ್ತಿರ ದಾರಿ ಇದೆ. ಜಾಫ್ನಾ ಪಕ್ಕದ ಹಳ್ಳಿಯಲ್ಲಿ ತಾಯಿ ಕಡೆಯಿಂದ ಬಂದ ಜಾಗ ಇದೆ. 'ಸೀದನ'ದ ಜಾಗ ಅಂತಾರೆ. ಮಾರಿದರೆ ಎಲ್ಲ ಮುಗಿಯುತ್ತದೆ. ಆದರೆ ಮಾರಲು ಗಂಡನ ಸಹಿ ಬೇಕಂತೆ! ಗಂಡ ಇಲ್ಲ, ಸತ್ತ ಅನ್ನುವ ಕಾಗದವೂ ಇಲ್ಲ. ಇದು ಯಾವ ಕಾನೂನೋ ನನಗೆ ತಲೆಬುಡ ತಿಳಿಯಲಿಲ್ಲ.

ವಕೀಲಿ_ಧಾರವಾಡ

ಅದು ತೇಸವಳಮೈ. ಜಾಫ್ನಾ ತಮಿಳರ ರೂಢಿ ಕಾನೂನು. ಡಚ್ಚರು 1707ರಲ್ಲಿ ಬರಹಕ್ಕೆ ಇಳಿಸಿದ್ದು, ಇವತ್ತಿಗೂ ಜಾರಿಯಲ್ಲಿದೆ. ಎಲ್‌ಎಲ್‌ಎಂ ಓದುವಾಗ ಇದರ ಮೇಲೆ ಒಂದು ಪ್ರಬಂಧ ಬರೆದಿದ್ದೆ, ಯಾರೂ ಓದಲಿಲ್ಲ. ಇವತ್ತು ಉಪಯೋಗಕ್ಕೆ ಬಂತು ನೋಡಿ.

ಸ್ವಾರಸ್ಯ ಏನೆಂದರೆ ಈ ಕಾನೂನು ಹೆಣ್ಣುಮಕ್ಕಳಿಗೆ ಒಂದು ಕೈಯಲ್ಲಿ ಕೊಡುತ್ತದೆ, ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳುತ್ತದೆ. ತಾಯಿ ಮನೆ, ಜಾಗ ಮಗಳಿಗೆ ಸೀದನವಾಗಿ ಹೋಗುವುದು ಅಲ್ಲಿ ಮಾಮೂಲು. ಆಸ್ತಿ ಅವಳ ಹೆಸರಲ್ಲೇ ಇರುತ್ತದೆ. ನಮ್ಮಲ್ಲಿ ಎಷ್ಟು ಜನಕ್ಕೆ ಆ ಭಾಗ್ಯ ಇತ್ತು ಹೇಳಿ. ಆದರೆ 1911ರ ಜಾಫ್ನಾ ವಿವಾಹ ಹಕ್ಕು ಕಾಯ್ದೆ ಪ್ರಕಾರ ಮದುವೆಯಾದ ಹೆಂಗಸು ತನ್ನದೇ ಸ್ಥಿರಾಸ್ತಿ ಮಾರಬೇಕಾದರೆ ಗಂಡನ ಲಿಖಿತ ಒಪ್ಪಿಗೆ ಬೇಕು. ಗಂಡ ಬದುಕಿದ್ದಾಗ ಇದು ಒಂದು ಸಹಿಯ ಮಾತು. ಸಾವಿರಾರು ಗಂಡಸರು ಕಾಣೆಯಾದ ಮೇಲೆ ಇದೇ ದೊಡ್ಡ ಬೀಗ.

ಬಿಡಿಸಿಕೊಳ್ಳಲು ದಾರಿ ಇಲ್ಲ ಅಂತಲ್ಲ. ಗಂಡ ಎಲ್ಲಿದ್ದಾನೋ ಗೊತ್ತಿಲ್ಲ ಅನ್ನುವಾಗ ಜಿಲ್ಲಾ ಕೋರ್ಟೇ ಅವನ ಬದಲಿಗೆ ಒಪ್ಪಿಗೆ ಕೊಡಬಹುದು. ಇನ್ನೊಂದು, 2016ರಿಂದ ಅಲ್ಲಿ 'ಕಾಣೆಯಾದ ಪ್ರಮಾಣಪತ್ರ' ಅಂತ ಕೊಡುತ್ತಾರೆ. ಸಾವಿನ ಪ್ರಮಾಣಪತ್ರ ಅಲ್ಲ. ಮನುಷ್ಯ ಕಾಣೆಯಾಗಿದ್ದಾನೆ ಅಂತ ಸರಕಾರ ಒಪ್ಪುವ ಕಾಗದ. ಹಳಿಮನುಷ್ಯ ಸರ್, ನಿಮ್ಮ ಅಕ್ಕ ಅದಕ್ಕೆ ಅರ್ಜಿ ಹಾಕಿದ್ದಾರಾ?

ಹಳಿಮನುಷ್ಯ

ಸಾವಿನ ಪತ್ರ ಮಾಡಿಸಿಕೊಳ್ಳಿ, ಪರಿಹಾರ ಬರುತ್ತದೆ ಅಂತ ಕಚೇರಿಯವರು ಎಷ್ಟೋ ಸಲ ಹೇಳಿದ್ದಾರಂತೆ. "ನಾನು ಸಹಿ ಹಾಕಿದರೆ ನಾನೇ ಸಾಯಿಸಿದ ಹಾಗೆ ಆಗುತ್ತದೆ ತಂಬಿ" ಅಂದರು. ಈ ಇನ್ನೊಂದು ಕಾಗದದ ವಿಷಯ ಗೊತ್ತಿದೆಯೋ ಇಲ್ಲವೋ, ಕೇಳುತ್ತೇನೆ ಮೇಡಂ. ತುಂಬಾ ಉಪಕಾರ ಆಯ್ತು.

ಸುಳ್ಯದ_ರಬ್ಬರ್

ಈ ಚರ್ಚೆ ನೋಡಿ ಸುಮ್ನೆ ಇರಲು ಆಗಲಿಲ್ಲ. ನಾನು ಸುಳ್ಯ ತಾಲೂಕಿನ ರಬ್ಬರ್ ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು. ಊರವರು ನಮ್ಮನ್ನು 'ಸಿಲೋನಿನವರು' ಅಂತಾರೆ. ಅಜ್ಜಿ ಲಂಕಾದ ಹ್ಯಾಟನ್ ಕಡೆಯ ಟೀ ಎಸ್ಟೇಟಿನವರು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಲಂಕಾದ ಪ್ರಧಾನಿ ಸಿರಿಮಾವೋ ಒಪ್ಪಂದ ಮಾಡಿಕೊಂಡು, ಅಲ್ಲಿದ್ದ ಭಾರತ ಮೂಲದ ತಮಿಳರಲ್ಲಿ 5,25,000 ಜನ ಭಾರತಕ್ಕೆ, 3 ಲಕ್ಷ ಜನ ಲಂಕಾಕ್ಕೆ ಅಂತ ಪಾಲು ಹಾಕಿದರಲ್ಲ, ಆ ಪಾಲಿನಲ್ಲಿ ಅಜ್ಜಿ ಇಲ್ಲಿಗೆ ಬಂದರು. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟ ಹಾಕಿದ್ದೇ ಇವರಿಗೆಲ್ಲ ಕೆಲಸ ಕೊಡುವುದಕ್ಕೆ. ನನಗೆ ಕನ್ನಡ ಶಾಲೆಯ ಭಾಷೆ, ತುಳು ಬಸ್‌ಸ್ಟ್ಯಾಂಡಿನ ಭಾಷೆ, ತಮಿಳು ಮನೆಯದು.

ಅಜ್ಜಿಯ ತಂಗಿ ಅಲ್ಲೇ ಉಳಿದರು. 1977ರಲ್ಲಿ ತಮಿಳರ ಮೇಲೆ ನಡೆದ ಗಲಭೆಯಲ್ಲಿ ಎಸ್ಟೇಟ್ ಬಿಟ್ಟು ಓಡಿ ಕಿಳಿನೊಚ್ಚಿ ಸೇರಿದರು. ಅಲ್ಲಿ ಕಾಡು ಕಡಿದು ಬೇಸಾಯ ಶುರು ಮಾಡಿದರೆ ಯುದ್ಧ ಅಲ್ಲಿಗೇ ಬಂತು. ಈಗ ಅವರ ಮಗಳು, ನನಗೆ ಚಿಕ್ಕಮ್ಮ ಆಗಬೇಕು, ಅಲ್ಲಿದ್ದಾರೆ. 2023ರಲ್ಲಿ ನಾನು ಮೊದಲ ಸಲ ಹೋದೆ. ಚೆನ್ನೈನಿಂದ ಜಾಫ್ನಾ ಪಕ್ಕದ ಪಲಾಲಿಗೆ ಸಣ್ಣ ವಿಮಾನ, ಒಂದು ಗಂಟೆ ಚಿಲ್ಲರೆ. ಸುಳ್ಯದಿಂದ ಚೆನ್ನೈ ತಲುಪುವುದೇ ದೊಡ್ಡ ಪ್ರಯಾಣ!

ಹಳಿಮನುಷ್ಯ ಅಣ್ಣ ಹೇಳಿದ ಸೀದನದ ಜಗಳವೂ ನಮ್ಮ ಚಿಕ್ಕಮ್ಮನಿಗೆ ಇಲ್ಲ. ಯಾಕಂದರೆ ಆಸ್ತಿಯೇ ಇಲ್ಲ. ಎಸ್ಟೇಟಿನಿಂದ ಬಂದ ಎಷ್ಟೋ ಜನಕ್ಕೆ ಆ ಜಾಗದ ಕಾಗದವೇ ಸರಿಯಾಗಿಲ್ಲ. ಕಾಗದ ಇಲ್ಲದವರಿಗೆ ಮನೆ ಯೋಜನೆಯ ಪಟ್ಟಿಯಲ್ಲಿ ಹೆಸರು ಬರುವುದೂ ಕಷ್ಟ. ಜಾಫ್ನಾದ ಹಳೇ ಕುಟುಂಬದವರು ಇವರನ್ನು ಇವತ್ತಿಗೂ 'ತೋಟದವರು' ಅಂತಲೇ ನೋಡುತ್ತಾರೆ. ಒಂದೇ ಬಂಕರಿನಲ್ಲಿ ಕೂತಿದ್ದರು, ಒಂದೇ ಶಿಬಿರದಲ್ಲಿ ಸಾಲು ನಿಂತಿದ್ದರು. ಮದುವೆ ಮಾತು ಬಂದಾಗ ಜಾತಿ ಮಾತ್ರ ಎಲ್ಲಿತ್ತೋ ಅಲ್ಲೇ.

ಇನ್ನೊಂದು ತಮಾಷೆ. ಅಲ್ಲಿ 'ಹೌದು' ಅನ್ನಲು 'ಓಂ' ಅಂತಾರೆ. ಕೇಳಿದ್ದಕ್ಕೆಲ್ಲ ಓಂ, ಓಂ. ನಾನು ಮೊದಲ ದಿನ ಎಲ್ಲರೂ ಜಪ ಮಾಡುತ್ತಿದ್ದಾರೆ ಅಂದುಕೊಂಡೆ. ನಮ್ಮ ತಮಿಳಿನಲ್ಲಿ 'ಪೇಸು' ಅಂದರೆ ಮಾತಾಡು, ಅಲ್ಲಿ ಬೈಯುವುದಂತೆ. ನಾನು ಚಿಕ್ಕಮ್ಮನ ಮಗಳಿಗೆ "ನನ್ನ ಹತ್ತಿರ ಪೇಸು" ಅಂದೆ. ಪಾಪ, ಅವಳು ಗಾಬರಿಯಾದಳು.

ಮಲ್ಪೆ_ಬೋಟ್

ಮೀನಿನ ವಿಷಯ ಯಾರೂ ಎತ್ತಲಿಲ್ಲ ಮಾರಾಯ್ರೆ. ಯುದ್ಧ ಇದ್ದಾಗ ಉತ್ತರದವರಿಗೆ ಕಡಲಿಗೆ ಇಳಿಯಲು ನೂರೆಂಟು ನಿರ್ಬಂಧ. ಆ ಹೊತ್ತಿಗೆ ತಮಿಳುನಾಡಿನ ಟ್ರಾಲರ್‌ಗಳು ಪಾಕ್ ಜಲಸಂಧಿ ದಾಟಿ ಅಲ್ಲಿ ಎಳೆದು ಅಭ್ಯಾಸ ಮಾಡಿಕೊಂಡವು. ಯುದ್ಧ ಮುಗಿದು ಅವರು ಸಣ್ಣ ಫೈಬರ್ ದೋಣಿ, ಬಲೆ ಸಾಲ ಮಾಡಿ ತಂದು ಹಾಕಿದರೆ, ರಾತ್ರಿ ಟ್ರಾಲರ್ ಬಂದು ಬಲೆಯನ್ನೇ ಎಳೆದುಕೊಂಡು ಹೋಗುತ್ತದೆ. 2017ರಲ್ಲಿ ಲಂಕಾ ತಳ ಕೆರೆಯುವ ಟ್ರಾಲಿಂಗನ್ನೇ ನಿಷೇಧಿಸಿತು. ಇನ್ನೂ ಜಗಳ ನಿಂತಿಲ್ಲ. ನಮ್ಮ ಪೇಪರಿನಲ್ಲಿ 'ಭಾರತದ ಮೀನುಗಾರರ ಬಂಧನ' ಅಂತ ಮಾತ್ರ ಬರುತ್ತದೆ. ಆಚೆ ದಡದಲ್ಲಿ ಬಲೆ ಕಳೆದುಕೊಂಡವನೂ ತಮಿಳನೇ, ಅವನೂ ಸಾಲಗಾರನೇ.

ನನ್ನ ಅಜ್ಜ ರಂಪಣಿಯವರು. 70ರ ದಶಕದ ಕೊನೆಗೆ ಪರ್ಸೀನ್ ಬೋಟ್ ಬಂದು ರಂಪಣಿ ಮುಗಿಯಿತು. ಊರು ಊರೇ ಸೇರಿ ಎಳೆಯುತ್ತಿದ್ದ ಬಲೆ ಅದು. ಆಮೇಲೆ ನಾವೂ ಬೋಟ್ ಮಾಡಿದೆವು ಅನ್ನಿ. ಅದಕ್ಕೇ ನನಗೆ ಎರಡೂ ಕಡೆಯದು ಅರ್ಥವಾಗುತ್ತದೆ. ಅರ್ಥವಾದರೆ ಹೊಟ್ಟೆ ತುಂಬುವುದಿಲ್ಲ, ಅದು ಬೇರೆ ಮಾತು.

ಭಟ್ಕಳ_ಬಜಾರ್

ಒಂದು ವಿಷಯ ಸೇರಿಸುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. 1990ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇಯವರು ಉತ್ತರದ ಮುಸ್ಲಿಮರನ್ನೆಲ್ಲ ಹೊರಗೆ ಹಾಕಿದರು. 70 ಸಾವಿರಕ್ಕೂ ಜಾಸ್ತಿ ಜನ. ಜಾಫ್ನಾ ಪಟ್ಟಣದಲ್ಲಿ ಎರಡು ಗಂಟೆ ಸಮಯ ಕೊಟ್ಟಿದ್ದರು, ಅಷ್ಟೇ. ಚಿನ್ನ, ದುಡ್ಡು ಎಲ್ಲ ಬಿಟ್ಟು ಹೋಗಬೇಕು. ಹೆಚ್ಚಿನವರು ಪಶ್ಚಿಮ ಕರಾವಳಿಯ ಪುತ್ತಳಂನಲ್ಲಿ ತೆಂಗಿನಗರಿ ಗುಡಿಸಲಿನಲ್ಲಿ ಬದುಕು ಶುರು ಮಾಡಿದರು.

2009ರ ನಂತರ ವಾಪಸ್ ಹೋಗಬಹುದು ಅಂದರು. ಆದರೆ 20 ವರ್ಷದಲ್ಲಿ ಮಕ್ಕಳು ಪುತ್ತಳಂನಲ್ಲೇ ಓದಿ ಮದುವೆಯಾಗಿದ್ದರು. ನನ್ನ ಬಟ್ಟೆ ವ್ಯಾಪಾರದ ಪರಿಚಯದವರೊಬ್ಬರು ಜಾಫ್ನಾದ ಹಳೇ ಮನೆ ನೋಡಲು ಹೋಗಿದ್ದರು. ಮಾಡು ಇಲ್ಲ, ಒಳಗೆ ಆಲದ ಗಿಡ ಬೆಳೆದಿತ್ತು. ಪಕ್ಕದ ಮನೆಯ ತಮಿಳು ಅಜ್ಜಿ ಇವರನ್ನು ಗುರುತು ಹಿಡಿದು, ಒಳಗಿನಿಂದ ಒಂದು ಹಿತ್ತಾಳೆ ತಟ್ಟೆ ತಂದು ಕೊಟ್ಟರಂತೆ. "ನಿನ್ನ ಅಮ್ಮ ಈದ್‌ಗೆ ತಿಂಡಿ ಕಳಿಸಿದ್ದ ತಟ್ಟೆ. ವಾಪಸ್ ಕೊಡಲು ಆಗಿರಲಿಲ್ಲ" ಅಂತ. ಇವರು ತಟ್ಟೆ ತಗೊಂಡು ಪುತ್ತಳಂಗೇ ಹೋದರು. ಮನೆ ಹಾಗೇ ಇದೆ.

ಬೇಲೂರು_ಬೆಣ್ಣೆ

ನಾನು ಮೊದಲು ಬರೆದದ್ದು ಸ್ವಲ್ಪ ಅವಸರ ಆಯ್ತು ಅನ್ನಿಸುತ್ತದೆ. ಆದರೂ ಒಂದು ಕೇಳುತ್ತೇನೆ. ಹೊರದೇಶದಲ್ಲಿ ಇಷ್ಟು ಜನ ಜಾಫ್ನಾದವರಿದ್ದಾರೆ, ದುಡ್ಡು ಕಳಿಸುತ್ತಾರೆ. ಅದು ಸಹಾಯ ಆಗುತ್ತಿಲ್ಲವಾ?

ಟೊರೊಂಟೊ_ತಿಂಡಿ

ಇಲ್ಲಿ ಟೊರೊಂಟೊದ ಸ್ಕಾರ್ಬರೋದಲ್ಲಿ ನನ್ನ ಅಕ್ಕಪಕ್ಕ ಎಲ್ಲ ಜಾಫ್ನಾದವರೇ. ನನಗೆ ದೋಸೆ ಹಿಟ್ಟು ಸಿಗುವುದೇ ಅವರ ಅಂಗಡಿಯಲ್ಲಿ. ಸಹಾಯ ಖಂಡಿತ ಆಗುತ್ತಿದೆ. ಬಾವಿ, ದೇವಸ್ಥಾನ, ಶಾಲೆಗೆ ಕಂಪ್ಯೂಟರ್, ತಂಗಿ ಮದುವೆ ಎಲ್ಲಕ್ಕೂ ಇಲ್ಲಿಂದ ಹೋಗುತ್ತದೆ. ಆದರೆ ದುಡ್ಡು ಬರುವ ಮನೆಗೂ ಬರದ ಮನೆಗೂ ಅಂತರ ಜಾಸ್ತಿಯಾಗುತ್ತಿದೆ. ಜಾಫ್ನಾದ ನಲ್ಲೂರು ದೇವಸ್ಥಾನದ ಜಾತ್ರೆಯ 25 ದಿನ ಇಲ್ಲಿಂದ ವಿಮಾನ ತುಂಬಿ ಹೋಗುತ್ತಾರೆ. ಆಗ ಅಲ್ಲಿ ಆಟೋದಿಂದ ಹಿಡಿದು ಮಾವಿನಹಣ್ಣಿನವರೆಗೆ ಎಲ್ಲ ದುಬಾರಿ ಅಂತ ಅವರ ನೆಂಟರೇ ಬೈಯುತ್ತಾರೆ. ಕ್ಷಮಿಸಿ, 'ಪೇಸು'ತ್ತಾರೆ.

ಪಕ್ಕದ ಮನೆಯವರು ಜಾಫ್ನಾದಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದ್ದಾರೆ. ಬೀಗ ಹಾಕಿದೆ. ಕೀಲಿ ಕೈ ಒಬ್ಬ ದೊಡ್ಡಪ್ಪನ ಹತ್ತಿರ. ಅವರಿಗೆ 81. ವಾರಕ್ಕೊಮ್ಮೆ ಹೋಗಿ ಕಿಟಕಿ ತೆಗೆದು ಹಾಕಿ ಬರುವುದೇ ಕೆಲಸ. 1981ರ ಗಣತಿಯಲ್ಲಿ ಜಾಫ್ನಾ ಜಿಲ್ಲೆಯಲ್ಲಿ 7 ಲಕ್ಷ ದಾಟಿದ ಜನ ಇದ್ದರು. 2012ರಲ್ಲಿ 6 ಲಕ್ಷವೂ ಇಲ್ಲ. ಜನ ಕಡಿಮೆಯಾದ ಹಾಗೆ ಪಾರ್ಲಿಮೆಂಟ್ ಸೀಟೂ 2010ರಲ್ಲಿ 9 ಇದ್ದದ್ದು 2024ಕ್ಕೆ 6ಕ್ಕೆ ಇಳಿಯಿತು. ಆ ಆರರಲ್ಲಿ ಮೂರನ್ನು ಸಿಂಹಳೀಯರೇ ಹೆಚ್ಚಿರುವ ದಕ್ಷಿಣದ ಪಕ್ಷವಾದ ಎನ್‌ಪಿಪಿ ಗೆದ್ದಾಗ ನಮ್ಮ ಬೀದಿಯ ಹಿರಿಯರಿಗೆ ನಂಬಲಾಗಲಿಲ್ಲ. "ಅಲ್ಲಿರುವವರಿಗೆ ಬುದ್ಧಿ ಕೆಟ್ಟಿದೆ" ಅಂದರು. ಊರಲ್ಲೇ ಉಳಿದ ಅವರ ತಮ್ಮ ವಾಟ್ಸಾಪ್‌ನಲ್ಲಿ ಉತ್ತರ ಕೊಟ್ಟರು: "ಹಾಗಾದರೆ ನೀನೇ ಬಂದು ಓಟು ಹಾಕು."

(ರಾಜಕೀಯ ಬೇಡ ಅಂದಿದ್ದಿರಿ, ಇಷ್ಟಕ್ಕೇ ನಿಲ್ಲಿಸಿದೆ.)

ಸೈಕಲ್_ಶಂಕರ

ಹಳಿಮನುಷ್ಯ ಸರ್, ಆ ಗೋಡೆಗೆ ಒರಗಿಸಿದ ಸೈಕಲ್ ಬಗ್ಗೆ ಹೇಳಿ. ಜಾಫ್ನಾದ ಸೈಕಲ್ ಕಥೆಗಳನ್ನು ತುಂಬಾ ಕೇಳಿದ್ದೇನೆ.

ಹಳಿಮನುಷ್ಯ

ಬಂದಿರಾ, ಸರಿಯಾದ ಜಾಗಕ್ಕೇ ಬಂದಿರಿ. 90ರ ದಶಕದಲ್ಲಿ ಯುದ್ಧದ ಕಾರಣಕ್ಕೆ ಸರಕಾರ ಉತ್ತರಕ್ಕೆ ಪೆಟ್ರೋಲ್, ಬ್ಯಾಟರಿ, ಸಿಮೆಂಟ್, ಸೋಪು ಯಾವುದನ್ನೂ ಬಿಡುತ್ತಿರಲಿಲ್ಲ. ಕರೆಂಟ್ ಇಲ್ಲ. ಅಕ್ಕನ ಬೀದಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ, ಅವರು ಆಗಿನದನ್ನು ಮಾಡಿಯೇ ತೋರಿಸಿದರು. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿದರು. ಡೈನಮೋ ಚಕ್ರಕ್ಕೆ ತಾಗಿಸಿದರು. ಅದರ ವೈರು ರೇಡಿಯೋಗೆ. ಮೊಮ್ಮಗ ಕೈಯಲ್ಲಿ ಪೆಡಲ್ ತಿರುಗಿಸಿದ. ರೇಡಿಯೋ ಗರಗರ ಅಂತ ಮಾತಾಡಿತು! ರಾತ್ರಿ ಬಿಬಿಸಿ ತಮಿಳು ವಾರ್ತೆಗೆ ಬೀದಿಯೆಲ್ಲ ಸೇರುತ್ತಿತ್ತಂತೆ. ತಿರುಗಿಸುವ ಹುಡುಗ ಸುಸ್ತಾದರೆ ವಾರ್ತೆ ಅರ್ಧಕ್ಕೇ ನಿಲ್ಲುತ್ತಿತ್ತು. ಎಷ್ಟು ಜನ ಸತ್ತರು ಅನ್ನುವ ಹೊತ್ತಿಗೇ ಸರಿಯಾಗಿ ಕೈ ನೋಯುತ್ತಿತ್ತು ಅಂದರು ಮೇಷ್ಟ್ರು. ಹಳೇ ಆಸ್ಟಿನ್ ಕಾರುಗಳೂ ಹಾಗೇ. ನಾಲ್ಕು ಹನಿ ಪೆಟ್ರೋಲ್ ಹಾಕಿ ಚಾಲೂ ಮಾಡಿ, ಆಮೇಲೆ ಸೀಮೆಎಣ್ಣೆಯಲ್ಲಿ ಓಡಿಸುವುದು.

2022ರಲ್ಲಿ ಲಂಕಾ ದಿವಾಳಿಯಾಯಿತಲ್ಲ, ಪೆಟ್ರೋಲಿಗೆ ಎರಡೆರಡು ದಿನ ಸಾಲು. ಕೊಲಂಬೋದವರು ಕಂಗಾಲು. ಮೇಷ್ಟ್ರು ಅಟ್ಟದಿಂದ ಸೈಕಲ್ ಇಳಿಸಿ ಚೈನಿಗೆ ಎಣ್ಣೆ ಬಿಟ್ಟರಂತೆ. "ಇದು ನಮಗೆ ಹಳೇ ಪಾಠ, ದಕ್ಷಿಣದವರಿಗೆ ಹೊಸದು" ಅಂತ ನಗುತ್ತಾ ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಅವರ ಮಕ್ಕಳೂ ಹಾಲಿಲ್ಲದೆ ಅತ್ತಿದ್ದು ಟಿವಿಯಲ್ಲಿ ನೋಡಿ ಬೇಜಾರಾಯಿತು" ಅಂದರು.

ಅಕ್ಕನ ಮನೆಯ ಸೈಕಲ್ಲನ್ನು ಮಾತ್ರ 2022ರಲ್ಲೂ ಯಾರೂ ಮುಟ್ಟಲಿಲ್ಲ. ಮಗ ಆರು ಮೈಲಿ ನಡೆದು ಹೋಗುತ್ತಿದ್ದನಂತೆ.

ಸುಳ್ಯದ_ರಬ್ಬರ್

ನಮ್ಮ ಚಿಕ್ಕಮ್ಮ ಯುದ್ಧ ಮುಗಿದ ದಿನವಾದ ಮೇ 18ಕ್ಕೆ ಗಂಜಿ ಮಾಡುತ್ತಾರೆ. ಮುಳ್ಳಿವಾಯ್ಕಾಲ್ ಕಂಜಿ ಅಂತ ಊರೆಲ್ಲ ಮಾಡಿ ಹಂಚುತ್ತಾರೆ. ಕೊನೆಯ ದಿನಗಳಲ್ಲಿ ಸಿಕ್ಕಿದ್ದು ಅಷ್ಟೇ: ಹಿಡಿ ಅಕ್ಕಿ, ನೀರು, ಉಪ್ಪು. ಅದರ ನೆನಪಿಗೆ. ಕೆಲವು ವರ್ಷ ಪೊಲೀಸರು ಅದನ್ನೂ ತಡೆದಿದ್ದಾರೆ. ಈ ಸಲ ವಿಡಿಯೋ ಕಾಲ್‌ನಲ್ಲಿ ತೋರಿಸಿದರು. ನಾನು ನಮ್ಮ ಮನೆಯ ಗಂಜಿ ತೋರಿಸಿದೆ. ಇಲ್ಲಿ ನಮಗೆ ದಿನಾ ಬೆಳಿಗ್ಗೆ ಅದೇ ಅಲ್ವಾ, ಜೊತೆಗೆ ಮಿಡಿ ಉಪ್ಪಿನಕಾಯಿ. ಚಿಕ್ಕಮ್ಮ ಉಪ್ಪಿನಕಾಯಿ ನೋಡಿ "ಇವತ್ತು ಅದನ್ನು ಪಕ್ಕಕ್ಕಿಡು" ಅಂದರು. ಇಟ್ಟೆ. ಬರಿ ಉಪ್ಪಿನ ಗಂಜಿ ಗಂಟಲಲ್ಲಿ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ವಕೀಲಿ_ಧಾರವಾಡ

ಹಳಿಮನುಷ್ಯ ಸರ್, ಅಕ್ಕನನ್ನು ಕೇಳಿದಿರಾ? ಕಾಣೆಯಾದವರ ಕಚೇರಿಗೆ ಹೆಸರು ಕೊಟ್ಟಿದ್ದರೆ ಆ ನಂಬರ್ ಜೊತೆಗಿಟ್ಟುಕೊಳ್ಳಲು ಹೇಳಿ. ಸೀದನದ ಪತ್ರ, ಮದುವೆ ಪ್ರಮಾಣಪತ್ರ ಎರಡೂ ಮೂಲ ಪ್ರತಿ ಇರಲಿ. ವಕೀಲರು ಅಲ್ಲಿಯವರೇ ಆಗಬೇಕು, ನನ್ನ ಮಾತನ್ನೇ ಪೂರ್ತಿ ನಂಬಬೇಡಿ.

ಹಳಿಮನುಷ್ಯ

ಕೇಳಿದೆ ಮೇಡಂ, ನಿನ್ನೆ ಅರ್ಧ ಗಂಟೆ ಮಾತಾಡಿದೆವು. ಆ ಪ್ರಮಾಣಪತ್ರದ ಬಗ್ಗೆ ಕೇಳಿದ್ದರು, ಆದರೆ ಅದೂ ಸಾವಿನ ಪತ್ರದ ತಮ್ಮನೇ ಅಂದುಕೊಂಡು ಬಿಟ್ಟಿದ್ದರು. ನೀವು ಬರೆದದ್ದನ್ನು ತಮಿಳಿನಲ್ಲಿ ಓದಿ ಹೇಳಿದೆ. ಎರಡು ಸಲ ಓದಿಸಿದರು. 'ಕಾಣೆಯಾಗಿದ್ದಾರೆ' ಅಂತಲೇ ಇರುತ್ತದಾ, ಬೇರೆ ಏನೂ ಬರೆಯುವುದಿಲ್ಲವಾ ಅಂತ ಕೇಳಿದರು. ಬರುವ ಬುಧವಾರ ಮಗಳಿಗೆ ರಜೆ ಹಾಕಿಸಿ ಜಾಫ್ನಾದಲ್ಲಿ ವಕೀಲರನ್ನು ನೋಡಲು ಹೋಗುತ್ತಾರಂತೆ.

ಬೆಳಿಗ್ಗೆ ರೈಲಿಗೆ ಹೋಗಿ ಅಕ್ಕ, ನಾನು ಅಳತೆ ಹಿಡಿದ ಹಳಿ ಅಂದೆ. ರೈಲು ಕೊಲಂಬೋಗೆ ಹೋಗುವವರಿಗೆ ಚೆನ್ನ ತಂಬಿ, ಬಸ್ಸಾದರೆ ಕೋರ್ಟ್ ಹತ್ತಿರವೇ ಇಳಿಸುತ್ತಾನೆ ಅಂದರು.